ಹರ್ಪಿಸ್ ರಕ್ತಪರೀಕ್ಷೆ: ಎರಡು ಲ್ಯಾಬ್, ಎರಡು ಫಲಿತಾಂಶ

ಪ್ರಶ್ನೆ: ನನಗೆ 28 ವರ್ಷ, ಊರು ಹುಬ್ಬಳ್ಳಿ. ಎರಡು ತಿಂಗಳಲ್ಲಿ ಮದುವೆ. ಲ್ಯಾಬ್ ಒಂದರಲ್ಲಿ ಪ್ಯಾಕೇಜ್ ಪರೀಕ್ಷೆ ಮಾಡಿಸಿದೆ. ಎಚ್‌ಎಸ್‌ವಿ-2 (ಹರ್ಪಿಸ್ ವೈರಸ್‌ನ ಟೈಪ್ 2, ಹೆಚ್ಚಾಗಿ ಜನನಾಂಗಕ್ಕೆ ತಗಲುವಂಥದ್ದು) ಐಜಿಜಿ 1.8, 'ಪಾಸಿಟಿವ್' ಎಂದು ಬಂದಿದೆ. ಐಜಿಎಂ ಸಹ ಪಾಸಿಟಿವ್. ಧಾರವಾಡದ ಇನ್ನೊಂದು ಲ್ಯಾಬ್‌ನಲ್ಲಿ ಐಜಿಜಿ ನೆಗೆಟಿವ್. ಜನನಾಂಗದ ಮೇಲೆ ಎಂದೂ ಗುಳ್ಳೆ ಎದ್ದಿಲ್ಲ. ಜ್ವರ ಬಂದಾಗ ತುಟಿಗೆ ಮಾತ್ರ ಏಳುತ್ತವೆ. ಯಾವುದನ್ನು ನಂಬಲಿ?

ಉತ್ತರ: ಐಜಿಜಿ, ಐಜಿಎಂ ಎರಡೂ ಸೋಂಕಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳು. ಮೊದಲು ಐಜಿಎಂ ಸಾಲಿಗೆ ಗೀಟು ಎಳೆಯಿರಿ. ಅದು ಟೈಪ್ 1 ಮತ್ತು 2ರ ವ್ಯತ್ಯಾಸ ಹೇಳುವುದಿಲ್ಲ, ಹಳೆಯ ಸೋಂಕು ಮರುಕಳಿಸಿದಾಗಲೂ ಪಾಸಿಟಿವ್ ಆಗುತ್ತದೆ. ಗರ್ಭಿಣಿಯರಿಗೆ ಮಾಡಿಸುವ ಟಾರ್ಚ್ ಪ್ಯಾನೆಲ್ ಎಂಬ ಸೋಂಕು ಪರೀಕ್ಷೆಗಳ ಗುಂಪಿನಲ್ಲೂ ಇದೇ ಐಜಿಎಂ ಬಂದು ಎಷ್ಟೋ ಮನೆಗಳಲ್ಲಿ ವಿನಾಕಾರಣ ಜಗಳ ಎಬ್ಬಿಸುತ್ತದೆ. ನಮಗೆ ಇದು ನಿಜವಾದ ಬೇಸರ.

ಐಜಿಜಿಯಲ್ಲಿ 'ಪಾಸಿಟಿವ್' ಎಂಬ ಪದಕ್ಕಿಂತ ಅದರ ಪಕ್ಕದ ಸಂಖ್ಯೆ ಮುಖ್ಯ. ಹೆಚ್ಚು ಬಳಕೆಯಲ್ಲಿರುವ ಎಲೈಸಾ (ಪ್ರತಿಕಾಯ ಅಳೆಯುವ ಒಂದು ವಿಧಾನ) ಕಿಟ್‌ನಲ್ಲಿ 0.9ಕ್ಕಿಂತ ಕಡಿಮೆ ನೆಗೆಟಿವ್, 1.1ರ ಮೇಲೆ ಪಾಸಿಟಿವ್, ನಡುವಿನದು ಅಸ್ಪಷ್ಟ. ಆದರೆ 1.1ರಿಂದ 3ರವರೆಗಿನದು ಸಡಿಲ ನೆಲ. ಸುಳ್ಳು ಪಾಸಿಟಿವ್‌ಗಳು ಹೆಚ್ಚಾಗಿ ಸಿಗುವುದು ಅಲ್ಲೇ. ಎರಡೂ ವೈರಸ್‌ಗಳ ಪ್ರೋಟೀನ್‌ಗಳಲ್ಲಿ ಬಹಳ ಹೋಲಿಕೆ ಇರುವುದರಿಂದ, ತುಟಿಯ ಟೈಪ್ 1ಕ್ಕೆ ಹುಟ್ಟಿದ ಪ್ರತಿಕಾಯ ಟೈಪ್ 2ರ ಪರೀಕ್ಷೆಯಲ್ಲಿ ಕೊಂಚ ಅಂಟಿಕೊಳ್ಳಬಹುದು. ನಿಮ್ಮ 1.8ಕ್ಕೂ ಅದೇ ಕಾರಣ ಇರಬಹುದು.

ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ 2021ರ ಮಾರ್ಗಸೂಚಿ ಉಲ್ಲೇಖಿಸಿದ ಅಧ್ಯಯನವೊಂದರಲ್ಲಿ ಈ ಎಲೈಸಾದ ಸ್ಪೆಸಿಫಿಸಿಟಿ (ಸೋಂಕಿಲ್ಲದವರಿಗೆ ಸರಿಯಾಗಿ ನೆಗೆಟಿವ್ ಹೇಳುವ ಪ್ರಮಾಣ) ಶೇ 57.4 ಮಾತ್ರ; ಸೆನ್ಸಿಟಿವಿಟಿ (ಸೋಂಕಿದ್ದವರನ್ನು ಹಿಡಿಯುವ ಪ್ರಮಾಣ) ಸುಮಾರು ಶೇ 92. ಲೆಕ್ಕ ಹಾಕಿ ನೋಡಿ: 100 ಜನರಲ್ಲಿ 5 ಮಂದಿಗೆ ಸೋಂಕಿದೆ ಎಂದಿಟ್ಟುಕೊಳ್ಳೋಣ. ಅವರಲ್ಲಿ ನಾಲ್ಕೈದು ಜನ ಸಿಕ್ಕಿಬೀಳುತ್ತಾರೆ. ಜೊತೆಗೆ ಸೋಂಕಿಲ್ಲದ 95ರಲ್ಲಿ ಸುಮಾರು 40 ಮಂದಿಗೂ 'ಪಾಸಿಟಿವ್' ಚೀಟಿ ಸಿಗುತ್ತದೆ. ಲಕ್ಷಣವಿಲ್ಲದವರಿಗೆ ಈ ಪರೀಕ್ಷೆ ಸುಮ್ಮನೆ ಮಾಡಿಸಬೇಡಿ ಎನ್ನುವುದು ಇದಕ್ಕೇ. ಅತ್ಯಂತ ನಂಬಿಕೆಯದು ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ವೆಸ್ಟರ್ನ್ ಬ್ಲಾಟ್ ಎಂಬ ರಕ್ತಪರೀಕ್ಷೆ. ನಮ್ಮ ಊರಿನ ಲ್ಯಾಬ್‌ಗಳಲ್ಲಿ ಅದು ಮಾಮೂಲಿ ಪರೀಕ್ಷೆಯಲ್ಲ.

ಹಾಗಾಗಿ ಹೀಗೆ ಮಾಡಿ. ಕೊನೆಯ ಲೈಂಗಿಕ ಸಂಪರ್ಕವಾಗಿ 12 ವಾರ ಕಳೆದ ಮೇಲೆ, 1.8 ತೋರಿಸಿದ್ದಕ್ಕಿಂತ ಬೇರೆ ವಿಧಾನದಲ್ಲಿ ಮತ್ತೊಮ್ಮೆ ಐಜಿಜಿ ಮಾಡಿಸಿ. ಅದಕ್ಕೂ ಮೊದಲಿನ ನೆಗೆಟಿವ್ ಪೂರ್ತಿ ಭರವಸೆ ಕೊಡದು. ನಿಮ್ಮ ಧಾರವಾಡದ ರಿಪೋರ್ಟಿಗೂ ಇದೇ ಮಾತು. ಕಿಟ್ 'ಗ್ಲೈಕೊಪ್ರೋಟೀನ್ ಜಿ' (ಎರಡು ಟೈಪ್‌ಗಳನ್ನು ಬೇರ್ಪಡಿಸಿ ಗುರುತಿಸಲು ನೆರವಾಗುವ ವೈರಸ್ ಪ್ರೋಟೀನ್) ಆಧಾರಿತವೇ ಎಂದು ಲ್ಯಾಬ್‌ನವರನ್ನು ಕೇಳಿ. '1 ಮತ್ತು 2' ಎಂದು ಒಟ್ಟಿಗೆ ಬರೆದಿದ್ದರೆ ಬೇಡ. ಎಲೈಸಾದ 1.8ನ್ನು ಕ್ಲಿಯಾ ಎಂಬ ಇನ್ನೊಂದು ವಿಧಾನದ ಯಂತ್ರದ ಅಂಕಿಯೊಂದಿಗೆ ಹೋಲಿಸಬೇಡಿ, ಅಳತೆಗೋಲು ಬೇರೆ ಬೇರೆ. ಈ ರಿಪೋರ್ಟ್ ಒಂದನ್ನೇ ನೋಡಿ ಹರ್ಪಿಸ್ ಔಷಧ ಅಸೈಕ್ಲೋವಿರ್ ಶುರು ಮಾಡಬೇಡಿ. ಮದುವೆಗೆ ಮುನ್ನ ಎಚ್‌ಐವಿ, ಸಿಫಿಲಿಸ್ ಪರೀಕ್ಷೆ ಮಾಡಿಸುವುದರಲ್ಲಿ ಅರ್ಥವಿದೆ. ಸರ್ಕಾರಿ ಆಸ್ಪತ್ರೆಯ ಐಸಿಟಿಸಿ (ಎಚ್‌ಐವಿ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ) ಮತ್ತು ಲೈಂಗಿಕ ರೋಗಗಳ ಸುರಕ್ಷಾ ಕ್ಲಿನಿಕ್‌ನಲ್ಲಿ ಉಚಿತ.

ಅಂದಹಾಗೆ, ಸರ್ಪಸುತ್ತಿಗೂ ವೈದ್ಯರು ಹರ್ಪಿಸ್ ಜೋಸ್ಟರ್ ಎನ್ನುತ್ತಾರೆ. ಅದರ ವೈರಸ್ಸೇ ಬೇರೆ, ಲೈಂಗಿಕ ರೋಗವಲ್ಲ.

ಮುಂದೆಂದಾದರೂ ಜನನಾಂಗದ ಮೇಲೆ ಗುಳ್ಳೆ ಎದ್ದರೆ ರಕ್ತ ಕೊಡಲು ಓಡಬೇಡಿ. ನೀರು ತುಂಬಿರುವಾಗಲೇ, ಆದಷ್ಟೂ 48 ಗಂಟೆಯೊಳಗೆ, ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ನಂಥ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋಗಿ. ಗುಳ್ಳೆಯ ಬುಡದಿಂದ ಸ್ವ್ಯಾಬ್ ತೆಗೆದು ಪಿಸಿಆರ್ (ವೈರಸ್‌ನ ಡಿಎನ್‌ಎ ಹುಡುಕುವ ಪರೀಕ್ಷೆ) ಮಾಡಿದರೆ ವೈರಸ್ ಇದೆಯೇ, ಯಾವ ಟೈಪ್ ಎರಡೂ ತಿಳಿಯುತ್ತವೆ. ಮುಲಾಮು ಹಚ್ಚಿಕೊಂಡು ಹೋದರೆ, ಅಥವಾ ಗುಳ್ಳೆ ಒಣಗಿ ಹಕ್ಕಳೆ ಕಟ್ಟಿದ ಮೇಲೆ ಹೋದರೆ, ಸೋಂಕಿದ್ದರೂ ನೆಗೆಟಿವ್ ಬರಬಹುದು.