ಎರಡು ಭಾಷೆಯ ಮನೆ, ಎರಡು ವರ್ಷದ ಮಗ: ನಿಮ್ಮ ಪ್ರಶ್ನೆಗೆ

ಅತ್ತೆಯವರ ತುಳು ನಿಲ್ಲಿಸಬೇಡಿ ಮೇಡಂ. ಮಗ ಕನ್ನಡ, ತುಳು ಕಲಸಿ ಮಾತಾಡುತ್ತಾನೆ, ಪದಗಳೂ ಕಡಿಮೆ, ಒಂದೇ ಭಾಷೆ ಸಾಕು ಅಂತ ನೆಂಟರು ಹೇಳುತ್ತಾರೆ ಎಂದು ಬರೆದಿದ್ದೀರಿ. ಎರಡು ಭಾಷೆ ಕೇಳಿದ್ದಕ್ಕೇ ಮಾತು ತಡವಾಗುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ಕಲಸುವುದೂ ಸಹಜ, ದೊಡ್ಡವರು ನಾವೇನು ಕಡಿಮೆ ಕಲಸುತ್ತೇವಾ?

ನೀವು ಬರೀ ಕನ್ನಡದ ಪದ ಎಣಿಸಿದ ಹಾಗಿದೆ. 'ಹಾಲು', ಅದಕ್ಕೇ ತುಳುವಿನಲ್ಲಿ ಹೇಳುವ 'ಪೇರ್', ಎರಡನ್ನೂ ಲೆಕ್ಕಕ್ಕೆ ಹಿಡಿಯಿರಿ. ಉಚ್ಚಾರ ಸರಿಯಿರಬೇಕೆಂದಿಲ್ಲ, ಬೆಕ್ಕು ಕಂಡಾಗಲೆಲ್ಲ ಒಂದೇ ಸದ್ದು ಮಾಡಿದರೆ ಅದೂ ಪದವೇ. ಎರಡು ವರ್ಷಕ್ಕೆ ಸುಮಾರು 50 ಪದ, ಜೊತೆಗೆ 'ಅಮ್ಮ ಬಾ' ತರಹದ ಎರಡು ಪದದ ಜೋಡಣೆ ಸಾಮಾನ್ಯ. ಇಷ್ಟು ಎಣಿಸಿಯೂ ತೀರಾ ಕಡಿಮೆ ಬಂದರೆ 'ನಮ್ಮ ಮನೆಯಲ್ಲಿ ಗಂಡುಮಕ್ಕಳಿಗೆ ಮಾತು ತಡ' ಅಂತ ಕೂರಬೇಡಿ, ಮೊದಲು ಕಿವಿ ಪರೀಕ್ಷೆ ಮಾಡಿಸಿ. ಕರೆದರೆ ತಿರುಗುತ್ತಾನೆ ಅನ್ನುವುದು ಸಾಲದು. ಒಳಗೆ ನೀರು ತುಂಬಿ ಮಂದವಾಗಿ ಕೇಳುವ ಮಕ್ಕಳೂ ತಿರುಗುತ್ತವೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ, ಮಾತು ಎರಡನ್ನೂ ನೋಡುತ್ತಾರೆ.

ಯೂಟ್ಯೂಬ್ ಪದ್ಯಗಳಿಂದ ಮಾತು ಬರುತ್ತದಾ ಅಂತಲೂ ಕೇಳಿದ್ದೀರಿ. ನನಗೆ ನಂಬಿಕೆಯಿಲ್ಲ. ಕೂಸುಗಳು ಭಾಷೆ ಕಲಿಯುವ ಬಗೆ ಅಧ್ಯಯನ ಮಾಡುವ ಸಂಶೋಧಕಿ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅಮೆರಿಕದ ಒಂಬತ್ತು ತಿಂಗಳ ಕೂಸುಗಳಿಗೆ ಚೀನಿ ಭಾಷೆ ಕೇಳಿಸಿದ್ದರು. ಎದುರು ಕೂತು ಆಡಿಸಿದವರಿಂದ ಕೂಸುಗಳು ಆ ಭಾಷೆಯ ಧ್ವನಿಭೇದ ಹಿಡಿದವು, ಅದನ್ನೇ ವಿಡಿಯೊದಲ್ಲಿ ತೋರಿಸಿದಾಗ ಏನೂ ಹಿಡಿಯಲಿಲ್ಲ. ಅಜ್ಜಿ ಊಟ ಮಾಡಿಸುತ್ತಾ ತುಳುವಿನಲ್ಲೇ ಹರಟಲಿ, ಅವನು 'ಆಂ' ಅಂದರೂ ಅದಕ್ಕೊಂದು ಉತ್ತರ ಕೊಡಲಿ.