ಹಂಟಿಂಗ್ಟನ್ ಕಾಯಿಲೆಗೆ ಹಾಲು ಬಿಡಿಸಬೇಕೆ?

ಪ್ರಶ್ನೆ: ನಮ್ಮ ತಂದೆಯವರಿಗೆ 54 ವರ್ಷ. ಅವರಿಗೆ ಹಂಟಿಂಗ್ಟನ್ ಕಾಯಿಲೆ (ಮಿದುಳಿನ ನರಕೋಶಗಳು ಕ್ರಮೇಣ ನಶಿಸುವ ಆನುವಂಶಿಕ ಕಾಯಿಲೆ) ಇರುವುದು ಜೀನ್ ಪರೀಕ್ಷೆಯಿಂದ ಖಚಿತವಾಗಿದೆ. ಊಟ ಸರಿಯಾಗಿ ಮಾಡಿದರೂ ತೂಕ ಇಳಿಯುತ್ತಿದೆ. ರೊಟ್ಟಿ ತಿನ್ನುವಾಗ, ನೀರು ಕುಡಿಯುವಾಗ ಕೆಮ್ಮು ಬರುತ್ತದೆ. ಹಾಲು, ಮೊಸರು ಬಿಡಿಸಿದರೆ ಕಾಯಿಲೆ ನಿಲ್ಲುತ್ತದೆಂದು ಸಂಬಂಧಿಕರು ಹೇಳುತ್ತಾರೆ. ನಿಜವೆ? ಈಗಿನಿಂದಲೇ ಪಥ್ಯ ಮಾಡಿದರೆ ನನಗೆ ಬಾರದಂತೆ ತಡೆಯಬಹುದೆ?
– ಓದುಗರು, ಗದಗ

ಉತ್ತರ: ಹಾಲು, ಮೊಸರನ್ನು ಬಿಡಿಸಬೇಡಿ. ಆ ಮಾತಿಗೆ ಮೂಲವಿಲ್ಲದಿಲ್ಲ: ದೋಷಯುಕ್ತ ಜೀನ್ ಇದ್ದೂ ಲಕ್ಷಣಗಳಿನ್ನೂ ಕಾಣಿಸಿಕೊಳ್ಳದವರನ್ನು ಗಮನಿಸಿ 2013ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಹಾಲಿನ ಪದಾರ್ಥಗಳನ್ನು ಹೆಚ್ಚು ಸೇವಿಸುವವರಲ್ಲಿ ಕಾಯಿಲೆ ಬೇಗ ಕಾಣಿಸಿಕೊಂಡ ಪ್ರಮಾಣ ಹೆಚ್ಚಿತ್ತು. ಆದರೆ ಅಂಥ ಅಧ್ಯಯನದಿಂದ ಹಾಲೇ ಕಾರಣವೆಂದು ಹೇಳಲಾಗದು. ಹಾಲು ಬಿಟ್ಟರೆ ಕಾಯಿಲೆ ನಿಲ್ಲುತ್ತದೆಂದು ಅದು ತೋರಿಸಿಯೂ ಇಲ್ಲ.

ನಿಮ್ಮ ತಂದೆಯವರ ಮಟ್ಟಿಗೆ ದೊಡ್ಡ ಅಪಾಯವಿರುವುದು ತೂಕ ಇಳಿಯುವುದರಲ್ಲಿ. ನಿಲ್ಲದ ಅನೈಚ್ಛಿಕ ಚಲನೆಗಳ ಜೊತೆಗೆ ದೇಹದ ಶಕ್ತಿಬಳಕೆಯೇ ಏರುಪೇರಾಗುವುದರಿಂದ, ಹೊಟ್ಟೆತುಂಬ ಉಂಡವರೂ ಸೊರಗುತ್ತಾರೆ. ಕೆಲವರಿಗೆ ದಿನಕ್ಕೆ 4,000 ಕ್ಯಾಲೊರಿಯೂ ಬೇಕಾಗಬಹುದು. ಮೈಯಲ್ಲಿ ತೂಕ ಉಳಿಸಿಕೊಂಡವರಲ್ಲಿ ಕಾಯಿಲೆ ನಿಧಾನವಾಗಿ ಮುಂದುವರಿಯುವುದೂ ಕಂಡುಬಂದಿದೆ. ಆದ್ದರಿಂದ ಅವರಿಗೆ ಸಕ್ಕರೆ ಕಾಯಿಲೆಯಾಗಲಿ ಹೃದ್ರೋಗವಾಗಲಿ ಇಲ್ಲದಿದ್ದರೆ ತುಪ್ಪ, ಬೆಣ್ಣೆ, ಕೆನೆಮೊಸರು, ಗೋಧಿ ಹುಗ್ಗಿ ಧಾರಾಳವಾಗಿ ಕೊಡಿ. ಮೂರು ಊಟದ ಬದಲು ಐದಾರು ಸಲ ಸ್ವಲ್ಪ ಸ್ವಲ್ಪ ಉಣಿಸಿ.

ಕೆಮ್ಮನ್ನು ಹಗುರವಾಗಿ ಕಾಣಬೇಡಿ. ನುಂಗುವ ಸ್ನಾಯುಗಳ ಹೊಂದಾಣಿಕೆ ತಪ್ಪಿ ಆಹಾರ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ಈ ಕಾಯಿಲೆಯಲ್ಲಿ ಸಾವಿಗೆ ಮುಖ್ಯ ಕಾರಣಗಳಲ್ಲಿ ಅದೂ ಒಂದು. ನಮ್ಮ ಕಡೆಯ ಕಟಕ ರೊಟ್ಟಿ, ಒಣ ಶೇಂಗಾ ಚಟ್ನಿಪುಡಿ ಇಂಥವರಿಗೆ ಹೊಂದುವುದಿಲ್ಲ. ಮೊಸರಿನಲ್ಲಿ ಕಲಸಿದ ಮೆತ್ತನೆಯ ಜೋಳದ ನುಚ್ಚು, ಬೇಳೆಯಲ್ಲಿ ನೆನೆಸಿ ಕಿವುಚಿದ ಬಿಸಿರೊಟ್ಟಿ ಸುಲಭವಾಗಿ ಇಳಿಯುತ್ತವೆ. ನೀರು, ಚಹಾಗಳಂಥ ತೆಳು ದ್ರವಕ್ಕಿಂತ ಗಟ್ಟಿ ಅಂಬಲಿ ಎಷ್ಟೋ ವಾಸಿ. ನೇರವಾಗಿ ಕೂರಿಸಿ, ಅವಸರಪಡಿಸದೆ, ಟಿವಿ ಆರಿಸಿ ಉಣಿಸಿ. ಊಟವಾದ ಮೇಲೆ ಅರ್ಧ ಗಂಟೆ ಮಲಗಿಸಬೇಡಿ. ಹುಬ್ಬಳ್ಳಿಗೋ ಧಾರವಾಡಕ್ಕೋ ನರರೋಗ ತಜ್ಞರಲ್ಲಿಗೆ ಹೋದಾಗ ನುಂಗುವಿಕೆಯ ಪರೀಕ್ಷೆ ಮಾಡಿಸಲು ಕೇಳಿ, ಈಗಿನ ಮಾತ್ರೆಗಳನ್ನೂ ತೋರಿಸಿ. ಚಲನೆ ತಗ್ಗಿಸುವ ಕೆಲವು ಔಷಧಗಳಿಂದ ನುಂಗುವುದು ಇನ್ನಷ್ಟು ಕಷ್ಟವಾಗಬಹುದು.

ದುಬಾರಿ ಪೂರಕಗಳಿಗೆ ಹಣ ಸುರಿಯಬೇಡಿ. ಕೋಎಂಜೈಮ್ ಕ್ಯೂ10 ಮತ್ತು ಕ್ರಿಯಾಟಿನ್‌ಗಳನ್ನು ನೂರಾರು ರೋಗಿಗಳ ಮೇಲೆ ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದಾಗ ಎರಡೂ ಕಾಯಿಲೆಯ ಗತಿಯನ್ನು ತಗ್ಗಿಸಲಿಲ್ಲ. ಪಥ್ಯ ನಿಜಕ್ಕೂ ಮುಖ್ಯವಾಗುವ ಆನುವಂಶಿಕ ಕಾಯಿಲೆಗಳೂ ಉಂಟು: ದೇಹದಲ್ಲಿ ತಾಮ್ರ ಶೇಖರವಾಗುವ ವಿಲ್ಸನ್ ಕಾಯಿಲೆಯಲ್ಲಿ ಔಷಧದ ಜೊತೆಗೆ ತಾಮ್ರದ ಅಂಶ ಹೆಚ್ಚಿರುವ ಆಹಾರವನ್ನೂ ತಾಮ್ರದ ಚೊಂಬಿನ ನೀರನ್ನೂ ದೂರವಿಡಬೇಕಾಗುತ್ತದೆ. ಒಂದರ ಪಥ್ಯವನ್ನು ಇನ್ನೊಂದಕ್ಕೆ ಅಂಟಿಸುವುದರಿಂದಲೇ ಇಂಥ ಸಲಹೆಗಳು ಹಬ್ಬುತ್ತವೆಂಬುದು ನನ್ನ ಅನಿಸಿಕೆ.

ಇನ್ನು ನಿಮ್ಮ ವಿಷಯ. ತಂದೆಯಿಂದ ಆ ಜೀನ್ ನಿಮಗೆ ಬಂದಿರುವ ಸಾಧ್ಯತೆ ಶೇಕಡಾ 50. ಬಂದಿದ್ದರೆ ಯಾವ ಆಹಾರವೂ ಅದನ್ನು ಬದಲಿಸದು. ವ್ಯಾಯಾಮ, ತರಕಾರಿ, ಕಾಳುಗಳ ಊಟ ಒಟ್ಟಾರೆ ಆರೋಗ್ಯಕ್ಕೆ ಒಳ್ಳೆಯದು, ಉಪವಾಸದಿಂದ ಸೊರಗುವುದು ಬೇಡ. ಜೀನ್ ಪರೀಕ್ಷೆ ಮಾಡಿಸಿಕೊಳ್ಳಲೇಬೇಕೆಂಬ ಒತ್ತಾಯ ನಿಮ್ಮ ಮೇಲಿಲ್ಲ. ತಿಳಿದುಕೊಳ್ಳಬೇಕೆನಿಸಿದರೆ, ರಕ್ತ ಕೊಡುವ ಮೊದಲು ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಆನುವಂಶಿಕ ಆಪ್ತಸಮಾಲೋಚನೆ ಪಡೆಯಿರಿ.