ಹಾಡು, ಚಿತ್ರ, ಕತೆಯಿಂದ ಮಕ್ಕಳಿಗೆ ಓದು ಬರುತ್ತಾ?

ಬಾಗೇಪಲ್ಲಿ ಕಡೆ ಹೊಸದಾಗಿ ಪೋಸ್ಟಿಂಗ್ ಆಗಿದೆ, ಒಂದರಿಂದ ಮೂರನೇ ಕ್ಲಾಸಿನ 22 ಮಕ್ಕಳು ಒಂದೇ ಕೋಣೆಯಲ್ಲಿ, ಮನೆಮಾತು ತೆಲುಗು. ಹಾಡು, ಚಿತ್ರ, ಕತೆ ಎಲ್ಲ ಮಾಡಿಸಿದರೂ ಓದು ಹತ್ತುತ್ತಿಲ್ಲ, ಇದೆಲ್ಲ ಬರೀ ಟೈಂಪಾಸಾ ಅಂತ ಕೇಳಿದ್ದೀರಿ.

ಟೈಂಪಾಸ್ ಅಲ್ಲ ಮೇಷ್ಟ್ರೇ. ಹಾಗಂತ ನಿಮ್ಮ ಅನುಮಾನ ಸುಳ್ಳೂ ಅಲ್ಲ. ನಾನು ಚಿಂತಾಮಣಿ ತಾಲೂಕಿನ ಸರ್ಕಾರಿ ಶಾಲೆಯಲ್ಲಿ 15 ವರ್ಷದಿಂದ ನಲಿಕಲಿ ಕ್ಲಾಸು ತಗೊಳ್ತಿದ್ದೀನಿ; ಬೇರೆ ಬೇರೆ ಕ್ಲಾಸಿನ ಚಿಕ್ಕ ಮಕ್ಕಳು ಒಟ್ಟಿಗೆ ಕೂತು ಹಾಡು, ಆಟ, ಕಾರ್ಡುಗಳಿಂದ ಕಲಿಯೋ ಪದ್ಧತಿ ಅದು. ಶುರುವಿನಲ್ಲಿ ನಮ್ಮ ಗೋಡೆ ಮೇಲೊಂದು ಹಾಡಿನ ಚಾರ್ಟ್ ಇತ್ತು. ಎರಡನೇ ಕ್ಲಾಸಿನ ಒಬ್ಬ ಹುಡುಗಿ ಕೋಲು ಹಿಡಿದು ಗಡಗಡ ಓದೋಳು. ಬಂದವರಿಗೆಲ್ಲ ಅವಳಿಂದಲೇ ಓದಿಸಿ ನಾನು ಬೀಗುತ್ತಿದ್ದೆ. ಮಳೆಗಾಲದಲ್ಲಿ ಚಾವಣಿ ಸೋರಿ ಆ ಚಾರ್ಟ್ ಹಾಳಾಯ್ತು, ಇನ್ನೊಂದು ಬರೆದು ಅಂಟಿಸಿದೆ. ಅವಸರದಲ್ಲಿ ಮೂರನೇ ಸಾಲು ಬರೆಯೋದೇ ಮರೆತಿದ್ದೆ. ಮಾರನೇ ದಿನ ಅವಳು ಕೋಲು ಇಟ್ಟು ಆ ಇಲ್ಲದ ಸಾಲನ್ನೂ ಓದಿದಳು!

ಬಾಯಿಗೆ ಬಂದ ಹಾಡು ತಾನಾಗಿ ಕಣ್ಣಿಗೆ ಇಳಿಯಲ್ಲ ಅಂತ ನನಗೆ ಗೊತ್ತಾಗಿದ್ದು ಅವತ್ತು. ಇಳಿಸೋ ಕೆಲಸ ನಮ್ಮದು. ಹಾಡು ಮುಗಿದ ಮೇಲೆ ಅದರಿಂದ ಎರಡೇ ಎರಡು ಪದ ಕಿತ್ತು ಕಪ್ಪುಹಲಗೆ ಮೇಲೆ ಬೇರೆ ಜಾಗದಲ್ಲಿ ಬರೆಯಿರಿ. ರಾಗ ಇಲ್ಲದೆ, ಸಾಲಿನ ಆಸರೆ ಇಲ್ಲದೆ ಆ ಪದ ಗುರುತು ಸಿಕ್ಕರೆ ಅದು ಓದು.

ನಲಿಕಲಿಯಲ್ಲಿ ಅ ಆ ಇ ಈ ಇಂದ ಶುರುವಾಗಲ್ಲ, ರ ಗ ಸ ದ ಅ ಇಂದ ಅನ್ನೋದು ನಿಮಗೆ ಗೊತ್ತೇ ಇದೆ. ಐದು ಅಕ್ಷರಕ್ಕೇ ಸರ, ಅರಸ, ಅಗಸ, ಗರಗಸ ಎಲ್ಲ ಬಂದುಬಿಡುತ್ತೆ, ಒಳ್ಳೇ ಯೋಚನೆ. ಆದರೆ ನಮ್ಮ ಮಕ್ಕಳಿಗೆ ಗರಗಸ ಅಂದರೆ ಏನು ಗೊತ್ತು? ಅವರ ಮನೆಯಲ್ಲಿ ಅದು ರಂಪಂ. ಅಕ್ಷರವೂ ಹೊಸದು, ಪದವೂ ಹೊಸದು ಆದರೆ ಮಗು ಯಾವುದನ್ನ ಹಿಡೀಬೇಕು? ನಾನು ರಂಪದ ಚಿತ್ರ ಬರೆಸಿ, ಇಬ್ಬಿಬ್ಬರನ್ನ ಎದುರುಬದುರು ಕೂರಿಸಿ, ಕೈ ಕೈ ಹಿಡಿದು ಕೊಯ್ಯೋ ಹಾಗೆ ‘ಗರ ಗರ ಗರಗಸ’ ಅಂತ ಹಾಡಿಸ್ತೀನಿ. ಆಮೇಲೆ ಆ ಚಿತ್ರದ ಕೆಳಗೇ ಪದ ಬರೆಸ್ತೀನಿ.

ತೆಲುಗು ಅಡ್ಡಿ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನನ್ನ ಕ್ಲಾಸಲ್ಲಿ ಅತಿ ಹೆಚ್ಚು ಓಡಿದ ಹಾಡು ನಾವೇ ಕಟ್ಟಿದ್ದು. ಅರ್ಧ ಮಕ್ಕಳು ‘ಪುಲಿ’ ಅಂತ ಕೂಗ್ತಾರೆ, ಉಳಿದರ್ಧ ‘ಹುಲಿ’ ಅಂತಾರೆ. ಪಂದಿ–ಹಂದಿ, ಪಾಮು–ಹಾವು, ಪಾಲು–ಹಾಲು, ಪಗಲು–ಹಗಲು. ಹಳಗನ್ನಡದಲ್ಲೂ ಪುಲಿ, ಪಂದಿ, ಪಾಲ್ ಅಂತಲೇ ಇತ್ತಲ್ಲ, ಈ ಮಕ್ಕಳನ್ನ ಯಾವ ಬಾಯಲ್ಲಿ ತಪ್ಪು ಅನ್ನೋದು! ಒಬ್ಬ ಹುಡುಗ ಉತ್ಸಾಹದಲ್ಲಿ ‘ಪಿಲ್ಲಿ–ಹಿಲ್ಲಿ’ ಅಂದ. ಅದು ಬೆಕ್ಕು ಅಂದಾಗ ಅವನಿಗೆ ಮೋಸ ಆದಷ್ಟು ಬೇಜಾರು. ಆ ವಾರ ‘ಹ’ ಅಕ್ಷರ ಮಾತ್ರ ಯಾರೂ ಮರೀಲಿಲ್ಲ.

ದೀರ್ಘ, ಒತ್ತು ಬಂದಾಗ ತಾಳ ಬೇಕೇ ಬೇಕು. ಬಳೆ–ಬಾಳೆ, ತಳ–ತಾಳ, ಕತೆ–ಕತ್ತೆ ಇವನ್ನ ಬರೀ ಬರೆಸಿದರೆ ತಲೆಗೆ ಹತ್ತಲ್ಲ. ನಮ್ಮಲ್ಲಿ ಒಬ್ಬ ಹುಡುಗನ ತಾತ ಜಾತ್ರೆಗೆ ತಮಟೆ ಬಾರಿಸ್ತಾರೆ. ಮಾತೇ ಆಡದ ಹುಡುಗ ಅವನು, ಡೆಸ್ಕಿನ ಮೇಲೆ ಬೆರಳು ಮಾತ್ರ ಸದಾ ಕುಣೀತಿತ್ತು. ಅವನನ್ನೇ ಮುಂದೆ ಕರೆದೆ. ‘ಬಳೆ’ಗೆ ಎರಡು ಚುಟುಕು ಪೆಟ್ಟು, ‘ಬಾಳೆ’ಗೆ ಮೊದಲ ಪೆಟ್ಟು ಬಿದ್ದಮೇಲೆ ಒಂದು ಎಣಿಕೆ ಕಾಯಬೇಕು, ‘ಕತ್ತೆ’ಗೆ ಹೊಡೆದ ತಕ್ಷಣ ಅಂಗೈ ಒತ್ತಿ ಸದ್ದು ಹಿಡೀಬೇಕು. ಈ ಒತ್ತಿ ಹಿಡಿಯೋದನ್ನ ಕಂಡುಕೊಂಡಿದ್ದು ಅವನೇ, ನಾನಲ್ಲ. ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ತಮಟೆಗಾಗಿ 2023ರಲ್ಲಿ ಪದ್ಮಶ್ರೀ ಬಂತಲ್ಲ, ಅವರು ನಮ್ಮ ಜಿಲ್ಲೆಯವರೇ. ಅಂಥ ವಾದ್ಯವನ್ನ ಶಾಲೆಯೊಳಗೆ ತರೋಕೆ ಹಿಂಜರಿಯೋರು ಈಗಲೂ ಇದ್ದಾರೆ. ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ.

ಚಿತ್ರದ ಬಗ್ಗೆ ಹೆಚ್ಚು ಹೇಳೋದಿಲ್ಲ. ಬರೆಯೋ ಮುಂಚೆ ಚುಕ್ಕಿ ರಂಗೋಲಿ ಹಾಕಿಸಿ, ಕನ್ನಡದ ದುಂಡಗಿನ ತಿರುವಿಗೆ ಕೈ ಪಳಗುತ್ತೆ. ಮನೆ, ಬೆಟ್ಟ, ಮಧ್ಯೆ ಸೂರ್ಯ, ಎರಡು ಹಕ್ಕಿ ಇರೋ ಆ ಒಂದೇ ಚಿತ್ರವನ್ನ ಬೋರ್ಡ್ ಮೇಲೆ ಬರೆದು ನಕಲು ಮಾಡಿಸಬೇಡಿ, ಅಷ್ಟೇ.

ಕತೆ ನಾವು ಹೇಳೋದಕ್ಕಿಂತ ಮಕ್ಕಳು ಹೇಳಿದ್ದನ್ನ ನಾವು ಬರ್ಕೊಳ್ಳೋದು ದೊಡ್ಡದು. ಒಂದು ದಿನ ಒಬ್ಬಳು ಬಂದವಳೇ, “ಮಿಸ್, ನಮ್ಮ ಹುಳಕ್ಕೆ ಜ್ವರ” ಅಂದಳು. ನಾನು ಅಯ್ಯೋ ಅಂದೆ. ಇಡೀ ಕ್ಲಾಸು ನಕ್ಕಿತು. ರೇಷ್ಮೆ ಹುಳ ಸೊಪ್ಪು ಬಿಟ್ಟು ತಲೆ ಎತ್ತಿ ಅಲ್ಲಾಡದೆ ಕೂತು ಪೊರೆ ಬಿಡುತ್ತಲ್ಲ, ಅದಕ್ಕೆ ಜ್ವರ ಅಂತಾರಂತೆ. ನಾಲ್ಕು ಸಲ ಬರುತ್ತಂತೆ. ಮೂರನೇ ಕ್ಲಾಸಿನವಳೊಬ್ಬಳು, ನಾಲ್ಕನೇ ಜ್ವರ ಬಿಟ್ಟಮೇಲೆ ಹುಳ ಸೊಪ್ಪು ತಿನ್ನೋ ಸದ್ದಿಗೆ ರಾತ್ರಿ ಮಳೆ ಬಂದ ಹಾಗೆ ಕೇಳುತ್ತೆ ಅಂದಳು. ಪಾಠ ಬದಿಗಿಟ್ಟು, ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಅವರ ಮಾತನ್ನೇ ನಾಲ್ಕು ಸಾಲು ದಪ್ಪಕ್ಷರದಲ್ಲಿ ಬರೆದೆ. ತೆಲುಗಲ್ಲಿ ಬಂದ ಮಾತನ್ನ ಕನ್ನಡದಲ್ಲಿ ಹೇಗೆ ಅನ್ನೋದು ಅಂತ ಅವರನ್ನೇ ಕೇಳ್ತಾ ಬರೆದಿದ್ದು. ಸುತ್ತ ಅವರು ಸೊಪ್ಪು, ಹುಳ ಗೂಡು ಕಟ್ಟೋ ಚಂದ್ರಿಕೆ, ಗೂಡು ಇವುಗಳ ಚಿತ್ರ ಬರೆದರು. ಮಾರನೇ ದಿನ ಅದೇ ಸಾಲುಗಳ ಇನ್ನೊಂದು ಪ್ರತಿಯನ್ನ ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಕಲಸಿ ಕೊಟ್ಟೆ, ಜೋಡಿಸಿದರು. ಮೂರನೇ ದಿನ ಪದ ಪದವಾಗಿ ಕತ್ತರಿಸಿದೆ. ಅಲ್ಲಿಗೆ ಬಾಯಿಪಾಠದ ಆಟ ನಡೆಯಲ್ಲ, ನೋಡಲೇಬೇಕು. ಆ ಇಲ್ಲದ ಸಾಲು ಓದಿದವಳ ತಮ್ಮ ಮೊದಲು ಬಿಡಿಸಿ ಓದಿದ ಪದ ‘ಜ್ವರ’. ಒತ್ತಕ್ಷರ ಇನ್ನೂ ಕಲಿಸೇ ಇರಲಿಲ್ಲ.

ಎಲ್ಲರಿಗೂ ಹೀಗೇ ಬರುತ್ತೆ ಅಂತ ಹೇಳಲಾರೆ. ಕಳೆದ ವರ್ಷ ಇಬ್ಬರು ಮೂರನೇ ಕ್ಲಾಸು ಮುಗಿದರೂ ತಡವರಿಸ್ತಲೇ ಹೋದರು. ಒಬ್ಬನಿಗೆ ಕಣ್ಣಿನ ತೊಂದರೆ ಇದೆ ಅಂತ ಆಮೇಲೆ ಗೊತ್ತಾಯ್ತು, ಅದನ್ನ ನಾನು ಮೊದಲೇ ನೋಡಬೇಕಿತ್ತು.

ಇನ್ನೊಂದು ಮಾತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿಕಲಿಗೆ ಸ್ಫೂರ್ತಿ ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿ ಶಾಲೆ. ಅಂದರೆ ನಮ್ಮ ಗಡಿಯಾಚೆಯ ಬೀಜ ಮೈಸೂರು ಸೀಮೆ ಸುತ್ತಿಕೊಂಡು ನಮ್ಮೂರಿಗೆ ಬಂದಿದ್ದು. ನಲಿಕಲಿಯ ಕಾರ್ಡು, ಕಲಿಕೆಯ ಮೆಟ್ಟಿಲು ತೋರಿಸೋ ಏಣಿ, ಅದರ ಮೈಲಿಗಲ್ಲು ಬಿಡಬೇಡಿ. ಹುಳದ ಜ್ವರದಂಥದ್ದು ಬಂದ ದಿನ ಮಾತ್ರ ಏಣಿಯಿಂದ ಒಂದು ಗಂಟೆ ಇಳೀರಿ.

ತಮಟೆ ಸಿಗದಿದ್ದರೆ ಬಿಸಿಯೂಟದ ತಟ್ಟೆ ಸಾಕು. ಅಡುಗೆಯವರನ್ನ ಕೇಳಿ ತಗೊಳ್ಳಿ. ನಾನು ಕೇಳದೆ ತಗೊಂಡು, ಎರಡು ತಟ್ಟೆ ಸೊಟ್ಟಗಾಗಿ, ಚೆನ್ನಾಗಿ ಬೈಸ್ಕೊಂಡಿದ್ದೀನಿ.